ನಿಲ್ಲಲು ಮರೆತ ಚಾರ್ಜರ್

ಜೂನ್ 1ಕ್ಕೆ ಕರಾವಳಿಯ ಯಾಂತ್ರಿಕ ಬೋಟುಗಳಿಗೆ ರಜೆ. ಜುಲೈ 31ರವರೆಗಿನ 61 ದಿನ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಹಳೆ ಬಂದರು ಎಲ್ಲ ಕಡೆ ಬೋಟುಗಳು ಮೈಗೆ ಮೈ ತಾಗಿಸಿಕೊಂಡು ಮಳೆಯಲ್ಲಿ ನೆನೆಯುತ್ತ ನಿಲ್ಲುತ್ತವೆ. ಬಲೆ ಶೆಡ್ಡಿಗೆ ಹೋಗುತ್ತದೆ. ಜಿಪಿಎಸ್, ಫಿಶ್ ಫೈಂಡರ್, ವಯರ್‌ಲೆಸ್ ಸೆಟ್ಟು ಮಾಲೀಕರ ಮನೆ ಸೇರುತ್ತವೆ. ಎಂಜಿನ್ ಕೋಣೆಯ ಬ್ಯಾಟರಿಗಳನ್ನು ಕಲಾಸಿಗಳು ಇಬ್ಬಿಬ್ಬರಾಗಿ ಹೊತ್ತು ತಂದು ಶೆಡ್ಡಿನ ಮೂಲೆಯಲ್ಲೋ ಮನೆಯ ಹಿಂಬದಿಯ ಜಗಲಿಯಲ್ಲೋ ಇಳಿಸುತ್ತಾರೆ. ಅಲ್ಲೇ ಗೋಡೆಗೆ ಒರಗಿಕೊಂಡು ಒಂದು ಚಾರ್ಜರ್ ಇರುತ್ತದೆ. ಬಣ್ಣ ಹೋದ ತಗಡಿನ ಡಬ್ಬಿ, ಮೇಲೊಂದು ಹಿಡಿ, ಮುಂದೆ ಮುಳ್ಳಿನ ಆಂಪಿಯರ್ ಮೀಟರು, ತಿರುಗಿಸುವ ಒಂದು ಸ್ವಿಚ್ಚು, ಹಲ್ಲಿನ ಎರಡು ಕ್ಲಿಪ್ಪು. ಅಪ್ಪನ ಕಾಲದ್ದು. ಸ್ವಿಚ್ ಹಾಕಿದರೆ ಈಗಲೂ ಗುಂಯ್‌ಗುಡುತ್ತದೆ. ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ ಕಚ್ಚಿಸಿಬಿಟ್ಟರೆ ಬ್ಯಾಟರಿಯ ಮಳೆಗಾಲದ ಚಿಂತೆ ಮುಗಿಯಿತೆಂದೇ ಎಲ್ಲರ ಲೆಕ್ಕ.

ಉದ್ದೇಶ ಸರಿಯೇ. ಸೀಸ–ಆಮ್ಲದ ಬ್ಯಾಟರಿಯನ್ನು ಅರೆ ಖಾಲಿ ಬಿಟ್ಟರೆ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತದೆ, ಆಮೇಲೆ ಅದನ್ನು ಕರಗಿಸುವುದು ಕಷ್ಟ. ಆದ್ದರಿಂದ ತುಂಬಿಸಿ ಇಡಬೇಕು. ತುಂಬಿದ ಮೇಲೆ ನಿಲ್ಲಿಸಲೂ ಬೇಕು. ಆ ಡಬ್ಬಿಗೆ ನಿಲ್ಲಿಸಲು ಬರುವುದಿಲ್ಲ. ಕರೆಂಟು ಇರುವಷ್ಟು ಹೊತ್ತೂ ಅದು ಬ್ಯಾಟರಿಯೊಳಗೆ ತುರುಕುತ್ತಲೇ ಇರುತ್ತದೆ. ಆಗಸ್ಟ್ ಹತ್ತಿರವಾಗಿ, ಬೋಟಿಗೆ ಬಣ್ಣ ಬಳಿದು, ಮಂಜುಗಡ್ಡೆಗೆ ಹೇಳಿಟ್ಟು, ಸ್ಟಾರ್ಟರ್ ಒತ್ತಿದರೆ ಎಂಜಿನ್ ಅರ್ಧ ಸುತ್ತು ಹೊರಳಿ ನಿಂತುಬಿಡುತ್ತದೆ. ಆಗ ಬ್ಯಾಟರಿ ಅಂಗಡಿಯ ಮುಂದೆ ಕೇಳಿಬರುವ ಮಾತು ಹೆಚ್ಚುಕಡಿಮೆ ಹೀಗೆ.

“ತೆಗೆದು ಎರಡೇ ವರ್ಷ ಆದದ್ದು ಮಾರಾಯ್ರೆ. ಈಗಿನ ಬ್ಯಾಟರಿ ಮೊದಲಿನ ಹಾಗೆ ಇಲ್ಲ.”

“ಮಳೆಗಾಲದಲ್ಲಿ ಎಂತ ಮಾಡಿದ್ರಿ ಅಣ್ಣ?”

“ಚಾರ್ಜಿಗೆ ಹಾಕಿಯೇ ಇಟ್ಟದ್ದು. ಒಂದು ದಿನ ಸಹ ತೆಗೀಲಿಲ್ಲ.”

“ಹಾಗಾದ್ರೆ ಅದು ತನ್ನಷ್ಟಕ್ಕೆ ಹೋದದ್ದಲ್ಲ. ನೀವೇ ಕುದಿಸಿ ತೆಗೆದದ್ದು.”

ಬೋಟು ನಡೆಸುವ ತಂಡೇಲರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಚಾರ್ಜರ್ ಹಾಳಾಗುವುದೆಂದರೆ ಚಾರ್ಜ್ ಮಾಡದೇ ಇರುವುದು ಎಂಬುದು ಅವರ ತಿಳಿವಳಿಕೆ. ಇದು ಮೂವತ್ತು ವರ್ಷದಿಂದ ಚೆನ್ನಾಗಿಯೇ ಚಾರ್ಜ್ ಮಾಡುತ್ತಿದೆಯಲ್ಲ! ನಾನು ಅಂಗಡಿಯ ಮೆಕ್ಯಾನಿಕ್ಕಿನ ಪಕ್ಷ. ಕಡಿಮೆ ಕೊಡುವ ಚಾರ್ಜರನ್ನು ಎರಡು ದಿನದಲ್ಲಿ ಕಂಡುಹಿಡಿಯಬಹುದು. ಹೆಚ್ಚು ಕೊಡುವ ಚಾರ್ಜರ್ ವರ್ಷಗಟ್ಟಲೆ ಒಳ್ಳೆಯ ಹೆಸರು ಇಟ್ಟುಕೊಂಡು, ಒಂದಾದ ಮೇಲೊಂದು ಬ್ಯಾಟರಿ ಮುಗಿಸುತ್ತದೆ. ಬೈಗುಳ ಮಾತ್ರ ಬ್ಯಾಟರಿ ಕಂಪನಿಗೆ.

ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ಎರಡು ತಗಡುಗಳನ್ನು ಆಮ್ಲದಲ್ಲಿ ಮುಳುಗಿಸಿ ಮಾಡಿದ ಬ್ಯಾಟರಿಯ ಮೂಲ ರಸಾಯನ ಇವತ್ತಿಗೂ ಬದಲಾಗಿಲ್ಲ. 12 ವೋಲ್ಟಿನ ಬ್ಯಾಟರಿಯೆಂದರೆ ಆರು ಸೆಲ್ಲು, ಒಂದೊಂದರದು 2 ವೋಲ್ಟಿಗೆ ತುಸು ಮೇಲೆ. ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವಾಗ ಟರ್ಮಿನಲ್‌ಗಳ ನಡುವೆ ಸುಮಾರು 12.6ರಿಂದ 12.7 ವೋಲ್ಟ್ ಸಿಗುತ್ತದೆ. ಅದನ್ನು ತುಂಬಿಸಲು ಅದಕ್ಕಿಂತ ಹೆಚ್ಚಿನ ಒತ್ತಡ ಬೇಕು, ಅಂದರೆ 14.4 ವೋಲ್ಟಿನ ಆಸುಪಾಸು. ಕೊಡ ಕಂಠದವರೆಗೆ ಬಂದಾಗ ನಲ್ಲಿಯನ್ನು ಸಣ್ಣಗೆ ಮಾಡುವ ಹಾಗೆ, ತುಂಬುತ್ತ ಬಂದಂತೆ ಆಂಪಿಯರ್ ಇಳಿಯಬೇಕು. ತುಂಬಿದ ಮೇಲೆ ವೋಲ್ಟೇಜನ್ನೂ 13.2ರಿಂದ 13.6ರ ಮಟ್ಟಕ್ಕೆ ಇಳಿಸಿಬಿಡಬೇಕು. ಬ್ಯಾಟರಿ ತನ್ನಷ್ಟಕ್ಕೆ ಕಳೆದುಕೊಳ್ಳುವಷ್ಟನ್ನು ಮಾತ್ರ ತುಂಬಿಕೊಡುವ ಮಟ್ಟ ಅದು. ಫ್ಲೋಟ್ ಎನ್ನುವುದು ಇದಕ್ಕೇ.

ತುಂಬಿದ ಬ್ಯಾಟರಿಗೆ ಇನ್ನೂ ತುರುಕಿದರೆ ಆ ಕರೆಂಟು ಹೋಗುವುದೆಲ್ಲಿಗೆ? ಪ್ಲೇಟುಗಳಲ್ಲಿ ಬದಲಾಗಲು ಇನ್ನೇನೂ ಉಳಿದಿರುವುದಿಲ್ಲ. ಆಗ ಅದು ನೀರನ್ನು ಒಡೆಯುತ್ತದೆ. ಒಂದು ಪ್ಲೇಟಿನಿಂದ ಹೈಡ್ರೋಜನ್, ಇನ್ನೊಂದರಿಂದ ಆಮ್ಲಜನಕ ಗುಳ್ಳೆಯಾಗಿ ಏಳುತ್ತವೆ. ಎಷ್ಟು ಕರೆಂಟಿಗೆ ಎಷ್ಟು ನೀರು ಎಂಬುದು ಕೆಮಿಸ್ಟ್ರಿ ಪುಸ್ತಕದ ಖಚಿತ ಲೆಕ್ಕ: ಒಂದು ಆಂಪಿಯರ್ ಒಂದು ಗಂಟೆ ಹೆಚ್ಚುವರಿಯಾಗಿ ಹರಿದರೆ ಪ್ರತಿ ಸೆಲ್ಲಿನಲ್ಲಿ ಒಂದು ಗ್ರಾಮಿನ ಮೂರನೇ ಒಂದರಷ್ಟು ನೀರು ಹೋಗುತ್ತದೆ. ಕೇಳಲು ಏನೂ ಅಲ್ಲ. ಆದರೆ ಹಳೆಯ ಚಾರ್ಜರಿನ ಮುಳ್ಳು 3 ಆಂಪಿಯರಿನಲ್ಲಿ ನಿಂತುಬಿಟ್ಟಿದೆ ಎಂದಿಟ್ಟುಕೊಳ್ಳಿ. ಒಂದು ದಿನಕ್ಕೆ 72 ಆಂಪಿಯರ್–ಗಂಟೆ, ಆರು ಸೆಲ್ಲು ಸೇರಿ ಸುಮಾರು 145 ಗ್ರಾಂ ನೀರು. ಹತ್ತು ದಿನಕ್ಕೆ ಒಂದೂವರೆ ಲೀಟರಿನಷ್ಟು. ಜಗಲಿಯ ಮೂಲೆಯಲ್ಲಿ ಮಳೆಗಾಲವಿಡೀ ಮರೆತುಹೋದ ಬ್ಯಾಟರಿಯಲ್ಲಿ ಪ್ಲೇಟುಗಳು ನೀರಿನಿಂದ ಮೇಲೆದ್ದು ಒಣಗುವುದಕ್ಕೆ ಇಷ್ಟು ಸಾಕು. ಒಣಗಿದ ಭಾಗ ಮತ್ತೆ ನೀರು ಹಾಕಿದರೂ ಮೊದಲಿನಂತಾಗುವುದಿಲ್ಲ.

ನೀರು ಹೋದದ್ದನ್ನಾದರೂ ಕಣ್ಣಿನಿಂದ ನೋಡಬಹುದು. ಇನ್ನೊಂದು ಹಾನಿ ಕಾಣುವುದೇ ಇಲ್ಲ. ಪಾಸಿಟಿವ್ ಪ್ಲೇಟಿನ ಒಳಗೆ ಸೀಸದ ಜಾಲರಿಯೊಂದಿರುತ್ತದೆ, ಪುಡಿಯನ್ನು ಹಿಡಿದಿಡುವುದು ಅದೇ. ಅತಿ ಚಾರ್ಜಿನಲ್ಲಿ ಆ ಜಾಲರಿಯೇ ಸವೆದು, ಉಬ್ಬಿ, ಪುಡಿಯ ಮೇಲಿನ ಹಿಡಿತ ಬಿಡುತ್ತದೆ. ಗುಳ್ಳೆಗಳ ರಭಸಕ್ಕೆ ಕಂದು ಪುಡಿ ಉದುರಿ ತಳದಲ್ಲಿ ಕೆಸರಾಗುತ್ತದೆ. ಕೆಸರು ಏರಿ ಪ್ಲೇಟುಗಳ ಬುಡ ಮುಟ್ಟಿದ ದಿನ ಆ ಸೆಲ್ಲು ಶಾರ್ಟ್.

ಅತಿ ಚಾರ್ಜ್ ತಿಂದ ಬ್ಯಾಟರಿಯನ್ನು ಹತ್ತಿರ ಕೂತು ನೋಡಿದರೆ ಗುರುತು ಸಿಗುತ್ತದೆ. ಮುಚ್ಚಳಗಳ ಸುತ್ತ ಸದಾ ಒದ್ದೆ. ಅದು ನೀರಿನ ಪಸೆಯಲ್ಲ, ಗುಳ್ಳೆಯ ಜತೆ ಹಾರಿಬಂದ ಆಮ್ಲದ ತುಂತುರು. ಪ್ಲಸ್ ಟರ್ಮಿನಲ್ಲಿನ ಮೇಲೆ ಬಿಳಿ, ತಾಮ್ರದ ವಯರಿನ ಕಡೆಗೆ ನೀಲಿ–ಹಸಿರು ಪುಡಿ. ಕಬ್ಬಿಣದ ತಟ್ಟೆ ಸಿಪ್ಪೆಯೇಳುವಷ್ಟು ತುಕ್ಕು. ಹಲಗೆಯ ಮೇಲಿಟ್ಟಿದ್ದರೆ ಹಲಗೆ ಕಪ್ಪಗಾಗಿ ನಾರುನಾರು. ಮುಚ್ಚಳ ತಿರುಗಿಸಿ ಟಾರ್ಚು ಹಿಡಿದರೆ ತಿಳಿಯಾಗಿರಬೇಕಾದ ದ್ರವ ಕೆಂಪು ಮಣ್ಣು ಕದಡಿದಂಥ ಬಣ್ಣ. ಬ್ಯಾಟರಿಯ ಬದಿಗೆ ಅಂಗೈ ಒತ್ತಿದರೆ ಬಿಸಿ. ಇನ್ನೂ ಮುಂದುವರಿದದ್ದಾದರೆ ಬದಿಯೇ ಉಬ್ಬಿರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅಲ್ಲಿ ಕೆಲಸ ಮಾಡಿದವರ ಹತ್ತಿ ಬಟ್ಟೆ ಒಗೆದು ಒಣಗಿಸಿದ ಮೇಲೆ ಸಣ್ಣ ಸಣ್ಣ ತೂತು ಬೀಳುತ್ತದೆ. ಮನೆಯವರು ಜಿರಳೆ ಕಡಿಯಿತು ಎನ್ನುತ್ತಾರೆ.

ಹಳೆಯ ಡಬ್ಬಿಗೆ ಯಾಕೆ ನಿಲ್ಲಿಸಲು ಬರುವುದಿಲ್ಲ ಎಂದು ತಿಳಿಯಬೇಕಾದರೆ ಅದನ್ನು ಬಿಚ್ಚಬೇಕು. ಒಳಗಿರುವುದು ಒಂದು ಭಾರದ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, ಒಂದು ಫ್ಯೂಸು. ಮುಂದಿನ ಸ್ವಿಚ್ಚು ತಿರುಗಿಸಿದರೆ ಟ್ರಾನ್ಸ್‌ಫಾರ್ಮರಿನ ಬೇರೆ ಬೇರೆ ಸುತ್ತಿಗೆ ಸಂಪರ್ಕ ಹೋಗುತ್ತದೆ, ಅಷ್ಟೇ. ಬ್ಯಾಟರಿ ತುಂಬಿದೆಯೇ ಎಂದು ಕೇಳುವ ಸರ್ಕ್ಯೂಟೇ ಅದರಲ್ಲಿಲ್ಲ. ಅದನ್ನು ಮಾಡಿದ ಕಾಲದಲ್ಲಿ ಆ ಕೇಳುವ ಕೆಲಸ ಮನುಷ್ಯನದ್ದಾಗಿತ್ತು. ಬ್ಯಾಟರಿ ಅಂಗಡಿಯಲ್ಲಿ ಒಬ್ಬ ಹುಡುಗ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಿಡಿದುಕೊಂಡು ಗಂಟೆಗೊಮ್ಮೆ ಸೆಲ್ಲು ಸೆಲ್ಲೂ ನೋಡಿ, ಸರಿಯಾದಾಗ ಕ್ಲಿಪ್ಪು ತೆಗೆಯುತ್ತಿದ್ದ. ಚಾರ್ಜರ್ ಮನೆಗೆ ಬಂತು, ಹುಡುಗ ಅಂಗಡಿಯಲ್ಲೇ ಉಳಿದ.

ಇದರ ಮೇಲೆ ಮೇನ್ಸ್ ವೋಲ್ಟೇಜಿನ ಆಟ. ಟ್ರಾನ್ಸ್‌ಫಾರ್ಮರಿಗೆ ತಿಳಿದಿರುವುದು ಅನುಪಾತ ಒಂದೇ. ಸಂಜೆ 230 ವೋಲ್ಟ್ ಇದ್ದಾಗ 14.2 ಕೊಡುತ್ತಿದ್ದದ್ದು, ಊರೆಲ್ಲ ದೀಪ ಆರಿಸಿ ಮಲಗಿ ಲೈನು 250ಕ್ಕೆ ಏರಿದಾಗ 15.4ರ ಕಡೆಗೆ ಹೋಗುತ್ತದೆ. ಸಂಜೆ ಮೀಟರು ಹಿಡಿದು ಸರಿಯಿದೆ ಎಂದು ನೋಡಿ ಮಲಗಿದವರ ಬ್ಯಾಟರಿ ನಡುರಾತ್ರಿ ಕುದಿಯುತ್ತಿರುತ್ತದೆ.

ಸ್ವಲ್ಪ ಉತ್ತಮ ಜಾತಿಯವೂ ಇದ್ದವು. ಅಮೆರಿಕದ ಜೋಸೆಫ್ ಸೋಲಾ 1930ರ ದಶಕದಲ್ಲಿ ರೂಪಿಸಿದ ಸ್ಥಿರ ವೋಲ್ಟೇಜ್ ಟ್ರಾನ್ಸ್‌ಫಾರ್ಮರನ್ನು ನಮ್ಮವರು ಸಿವಿಟಿ ಎಂಬ ಹೆಸರಲ್ಲಿ ಬಲ್ಲರು. ಹಿಂದೆ ಕಂಪ್ಯೂಟರ್ ಕೋಣೆಗಳಲ್ಲಿ ಬಿಸಿಯಾಗಿ ಗುಂಯ್‌ಗುಡುತ್ತಿತ್ತಲ್ಲ, ಅದೇ. ಅದೇ ತತ್ವದ ಚಾರ್ಜರುಗಳನ್ನು ಹೊರದೇಶಗಳ ವಿಹಾರ ದೋಣಿಗಳಲ್ಲಿ ದಶಕಗಳ ಕಾಲ ಕೂರಿಸಿದರು. ಮೇನ್ಸ್ ಏರಿಳಿದರೂ ಅವುಗಳ ಔಟ್‌ಪುಟ್ ಅಷ್ಟಾಗಿ ಅಲುಗುವುದಿಲ್ಲ. ಆದರೆ ಕಾರ್ಖಾನೆಯಲ್ಲಿ ನಿಗದಿಯಾದ ಒಂದೇ ವೋಲ್ಟೇಜಿಗೆ ಅವು ಅಂಟಿಕೊಂಡಿರುತ್ತವೆ. ಬ್ಯಾಟರಿ ತುಂಬಿತೆಂದು ಇಳಿಯುವುದಿಲ್ಲ, ಸೆಕೆಯಾಯಿತೆಂದೂ ಇಳಿಯುವುದಿಲ್ಲ. ದೋಣಿಯನ್ನು ಕಟ್ಟೆಗೆ ಕಟ್ಟಿ, ಚಾರ್ಜರ್ ಹಾಕಿಟ್ಟು ಊರಿಗೆ ಹೋದವರ ಬ್ಯಾಟರಿಗಳು ಅಲ್ಲೂ ಹೀಗೆಯೇ ಬತ್ತಿದವು.

ಎಲೆಕ್ಟ್ರಾನಿಕ್ ಚಾರ್ಜರಿಗೂ ವಯಸ್ಸಾಗುತ್ತದೆ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಬಿಸಿಗೆ ಒಣಗುತ್ತವೆ. ವೋಲ್ಟೇಜ್ ಹೊಂದಿಸಿಟ್ಟ ಪುಟ್ಟ ಪ್ರಿಸೆಟ್ಟಿನೊಳಗೆ ಉಪ್ಪುಗಾಳಿ ಹೊಕ್ಕು ಸಂಪರ್ಕ ಸಡಿಲವಾಗುತ್ತದೆ. ಬ್ಯಾಟರಿಯ ವೋಲ್ಟೇಜನ್ನು ಅಳೆದು ಹೇಳಲು ಕೆಲವು ಚಾರ್ಜರುಗಳಿಂದ ಬೇರೆಯೇ ಒಂದು ಸಣ್ಣ ವಯರು ಬಂದಿರುತ್ತದೆ. ಅದರ ತುದಿಗೆ ಹಸಿರು ಕಿಲುಬು ಹಿಡಿದರೆ ಚಾರ್ಜರಿಗೆ ಮುಟ್ಟುವುದು ತಪ್ಪು ವರದಿ. ಬ್ಯಾಟರಿಯಲ್ಲಿ 14.4 ಇದ್ದರೂ 13.8 ಎಂದು ಕಾಣುತ್ತದೆ, ಪಾಪ, ಅದು ಇನ್ನೂ ಒತ್ತುತ್ತದೆ. ಇಂಥ ಕಡೆ ಚಾರ್ಜರ್ ಬದಲಿಸುವ ಮೊದಲು ಮರಳುಕಾಗದದಿಂದ ಆ ತುದಿಯನ್ನು ಉಜ್ಜಿ, ಬಿಗಿದು ನೋಡಬೇಕು.

ಎಲ್ಲ ತಪ್ಪೂ ಚಾರ್ಜರಿನದ್ದಲ್ಲ. ಒಂದು ಸೆಲ್ಲು ಶಾರ್ಟ್ ಆದ ಬ್ಯಾಟರಿ ಎಷ್ಟು ಹೊತ್ತಾದರೂ ತುಂಬಿದ ವೋಲ್ಟೇಜಿಗೆ ಏರುವುದಿಲ್ಲ; ಒಳ್ಳೆಯ ಚಾರ್ಜರ್ ಕೂಡ ಕಾಯುತ್ತ ಕೊಡುತ್ತಲೇ ಇರುತ್ತದೆ. ಉಳಿದ ಐದು ಸೆಲ್ಲು ಬೇಯುತ್ತವೆ. ನನಗೆ ಇದಕ್ಕಿಂತ ಹೆಚ್ಚು ಸಂಕಟವಾಗುವುದು ನಮ್ಮ ಬೋಟುಗಳ ವಯರಿಂಗಿನ ಒಂದು ರೂಢಿಯನ್ನು ನೋಡಿದಾಗ. ದೊಡ್ಡ ಎಂಜಿನ್ನಿನ ಸ್ಟಾರ್ಟರಿಗೆ 24 ವೋಲ್ಟ್ ಬೇಕೆಂದು 12ರ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸುತ್ತಾರೆ. ವಯರ್‌ಲೆಸ್ಸಿಗೆ, ಎಷ್ಟೋ ಉಪಕರಣಗಳಿಗೆ, ಮೊಬೈಲ್ ಚಾರ್ಜಿಗೆ 12 ವೋಲ್ಟ್ ಸಾಕು. ಹಾಗಾಗಿ ಎರಡರಲ್ಲಿ ಕೆಳಗಿನ ಒಂದೇ ಬ್ಯಾಟರಿಯಿಂದ ವಯರು ಎಳೆದುಬಿಡುತ್ತಾರೆ. ರಾತ್ರಿಯಿಡೀ ಆ ಒಂದು ಖಾಲಿಯಾಗುತ್ತದೆ, ಇನ್ನೊಂದು ತುಂಬಿಯೇ ಇರುತ್ತದೆ. ಬೆಳಿಗ್ಗೆ ಚಾರ್ಜ್ ಆಗುವಾಗ ಇಬ್ಬರಿಗೂ ಹರಿಯುವ ಕರೆಂಟು ಒಂದೇ. ಒಟ್ಟು 28.4 ವೋಲ್ಟಿನಲ್ಲಿ ಖಾಲಿಯದ್ದು 13.2ರಲ್ಲಿ ನಿಂತಿದ್ದರೆ, ಮಿಕ್ಕ 15.2 ಪೂರ್ತಿ ತುಂಬಿದ್ದರ ತಲೆಯ ಮೇಲೆ. ಒಂದು ಅತಿ ತಿಂದು ಸಾಯುತ್ತದೆ, ಇನ್ನೊಂದು ಅರೆಹೊಟ್ಟೆಯಲ್ಲಿ. ಚಾರ್ಜರಿನ ಮೀಟರು ಮಾತ್ರ ಎಲ್ಲ ಸರಿಯಿದೆ ಎನ್ನುತ್ತದೆ. 24ರಿಂದ 12ಕ್ಕೆ ಇಳಿಸುವ ಒಂದು ಕನ್ವರ್ಟರ್ ಹಾಕಿ, ಎರಡೂ ಬ್ಯಾಟರಿಗಳಿಂದ ಸಮನಾಗಿ ತೆಗೆದರೆ ಈ ತೊಂದರೆಯೇ ಇಲ್ಲ. ಹೊಸ ಜೋಡಿ ಬ್ಯಾಟರಿಗಿಂತ ಅದು ಅಗ್ಗ.

ಸಮುದ್ರದಲ್ಲಿರುವಾಗ ಚಾರ್ಜ್ ಮಾಡುವುದು ಎಂಜಿನ್ನಿನ ಆಲ್ಟರ್ನೇಟರ್. ಅದರ ರೆಗ್ಯುಲೇಟರಿಗೆ ಮೆಕ್ಯಾನಿಕ್ಕುಗಳು ಕಟೌಟ್ ಎನ್ನುತ್ತಾರೆ. ಅದು ಕೆಟ್ಟು ತಡೆಯುವುದನ್ನು ಬಿಟ್ಟರೆ ಎಂಜಿನ್ನಿನ ವೇಗ ಏರಿದಷ್ಟೂ ವೋಲ್ಟೇಜು ಏರುತ್ತದೆ. ಬ್ಯಾಟರಿಯ ಜತೆ ಬಲ್ಬು, ವಯರ್‌ಲೆಸ್ಸು, ಫಿಶ್ ಫೈಂಡರೂ ಹೋಗಬಹುದು. ಬೋಟಿನ ಬಲ್ಬುಗಳು ಪದೇ ಪದೇ ಸುಡುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನು.

ಸೆಕೆಯ ಮಾತಿಗೆ ಬರೋಣ. ಬ್ಯಾಟರಿ ಕಂಪನಿಗಳು ಹೇಳುವ 14.4 ವೋಲ್ಟ್ 25 ಡಿಗ್ರಿ ಸೆಲ್ಸಿಯಸ್ಸಿನ ಲೆಕ್ಕ. ನಮ್ಮ ಕರಾವಳಿಯಲ್ಲಿ ಹಗಲಿನಲ್ಲಿ 25 ಡಿಗ್ರಿ ಸಿಗುವುದೇ ಅಪರೂಪ, ಎಂಜಿನ್ ಕೋಣೆಯಲ್ಲಂತೂ ಇಲ್ಲವೇ ಇಲ್ಲ. ಬಿಸಿ ಹೆಚ್ಚಾದಂತೆ ಕಡಿಮೆ ವೋಲ್ಟೇಜಿಗೇ ಗುಳ್ಳೆ ಏಳುತ್ತದೆ. ಪ್ರತಿ ಡಿಗ್ರಿಗೆ 12 ವೋಲ್ಟಿನ ಬ್ಯಾಟರಿಗೆ ಸುಮಾರು 0.024 ವೋಲ್ಟ್ ಇಳಿಸಬೇಕು. 45 ಡಿಗ್ರಿಯ ಎಂಜಿನ್ ಕೋಣೆಯಲ್ಲಿ 14.4ರ ಜಾಗದಲ್ಲಿ 13.9 ಸಾಕು. ಹಳೆಯ ಚಾರ್ಜರ್ ಅಲ್ಲಿಯೂ ತನ್ನ ಹಳೆಯ ಲೆಕ್ಕವನ್ನೇ ಒತ್ತುತ್ತದೆ. ಬ್ಯಾಟರಿ ಬಿಸಿಯಾಗುತ್ತದೆ, ಬಿಸಿಯಾದದ್ದು ಇನ್ನಷ್ಟು ಕರೆಂಟು ಎಳೆಯುತ್ತದೆ, ಎಳೆದದ್ದಕ್ಕೆ ಮತ್ತೂ ಬಿಸಿಯಾಗುತ್ತದೆ. ನೀರು ಹಾಕಲು ಮುಚ್ಚಳವೇ ಇಲ್ಲದ ಸೀಲ್ಡ್ ಬ್ಯಾಟರಿಗಳಲ್ಲಿ ಈ ಸುತ್ತು ಕೈಮೀರಿ, ಪೆಟ್ಟಿಗೆ ಉಬ್ಬಿ ಒಡೆಯುವವರೆಗೆ ಹೋಗಬಹುದು. ಅವುಗಳಲ್ಲಿ ಹೋದ ನೀರನ್ನು ತುಂಬಿಕೊಡುವ ದಾರಿಯೂ ಇಲ್ಲ. ಹಳೆಯ ತಗಡಿನ ಚಾರ್ಜರಿಗೆ ಸೀಲ್ಡ್ ಬ್ಯಾಟರಿ ಕಚ್ಚಿಸಲೇಬಾರದು.

ಬ್ಯಾಟರಿ ಹೋದರೆ ದುಡ್ಡು ಹೋಯಿತು ಎನ್ನಬಹುದು. ಹೈಡ್ರೋಜನ್ ವಿಷಯ ಹಾಗಲ್ಲ. ಮೇಲೆ ಹೇಳಿದ 3 ಆಂಪಿಯರಿನ ಲೆಕ್ಕದಲ್ಲೇ ದಿನಕ್ಕೆ ಸುಮಾರು 180 ಲೀಟರ್ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ 4ರಷ್ಟು ಸೇರಿದರೂ ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಹಗುರವಾದ್ದರಿಂದ ಮಾಡಿನ ಕೆಳಗೆ ಹೋಗಿ ನಿಲ್ಲುತ್ತದೆ. ಬಾಗಿಲು ಹಾಕಿದ ಶೆಡ್ಡಿನಲ್ಲಿ, ಹಲಗೆ ಮುಚ್ಚಿದ ಎಂಜಿನ್ ಕೋಣೆಯಲ್ಲಿ ಬೀಡಿಯೇ ಬೇಕೆಂದಿಲ್ಲ. ಚಾಲೂ ಇರುವ ಚಾರ್ಜರಿನ ಕ್ಲಿಪ್ಪನ್ನು ಹಾಗೆಯೇ ಕಿತ್ತರೆ ಅಲ್ಲೇ ಕಿಡಿ. ವಿಶಾಖಪಟ್ಟಣದಲ್ಲಿ 2010ರ ಫೆಬ್ರುವರಿಯಲ್ಲಿ ನಮ್ಮ ನೌಕಾಪಡೆಯ ಸಿಂಧುರಕ್ಷಕ್ ಜಲಾಂತರ್ಗಾಮಿಯ ಬ್ಯಾಟರಿ ವಿಭಾಗದಲ್ಲಿ ಬೆಂಕಿ ಎದ್ದು ಒಬ್ಬ ನಾವಿಕ ಪ್ರಾಣ ಬಿಟ್ಟರು. ಬ್ಯಾಟರಿಯ ಕವಾಟದಿಂದ ಸೋರಿದ ಹೈಡ್ರೋಜನ್ ಅದಕ್ಕೆ ಕಾರಣವೆಂದು ನೌಕಾಪಡೆ ಹೇಳಿತು. ತರಬೇತಿ ಪಡೆದವರು ಕಾವಲಿರುವ ಜಾಗದಲ್ಲೇ ಹೀಗಾಗುವುದಾದರೆ, ಮಕ್ಕಳು ಓಡಾಡುವ ಜಗಲಿಯಲ್ಲಿ ಎಷ್ಟು ಎಚ್ಚರ ಬೇಕು! ಹಾಕುವಾಗ ಮೊದಲು ಕ್ಲಿಪ್ಪು, ಆಮೇಲೆ ಸ್ವಿಚ್ಚು. ತೆಗೆಯುವಾಗ ಮೊದಲು ಸ್ವಿಚ್ಚು, ಆಮೇಲೆ ಕ್ಲಿಪ್ಪು. ಹತ್ತಿರದಲ್ಲಿ ಒಂದು ಬಕೆಟ್ ಸಿಹಿನೀರು ಇರಲಿ. ಆಮ್ಲ ಕಣ್ಣಿಗೆ ಹಾರಿದರೆ ಕಾಲು ಗಂಟೆಗೂ ಹೆಚ್ಚು ಹೊತ್ತು ಕಣ್ಣಿಗೆ ನೀರು ಹೊಯ್ಯುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆ. ಬೋಟಿನ ಮೇಲೆ ಇನ್ನೊಂದು ಅಪಾಯವೂ ಸೇರುತ್ತದೆ: ಬ್ಯಾಟರಿಗೆ ಉಪ್ಪುನೀರು ಹೊಕ್ಕರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಹಾಗಾದರೆ ಮನೆಯಲ್ಲಿರುವ ಚಾರ್ಜರ್ ಎಂಥದ್ದು ಎಂದು ತಿಳಿಯುವುದು ಹೇಗೆ? ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಚೆನ್ನಾಗಿರುವುದು ಖಚಿತವಾದ ಒಂದು ಬ್ಯಾಟರಿಯನ್ನು ತೆಗೆದುಕೊಂಡು, ಗಾಳಿಯಾಡುವ ಜಾಗದಲ್ಲಿ ಇಟ್ಟು ಚಾರ್ಜರ್ ಹಾಕಿ, ಗಂಟೆಗೊಮ್ಮೆ ಟರ್ಮಿನಲ್ಲಿನ ಮೇಲೆಯೇ ಮೀಟರು ಹಿಡಿದು ಬರೆದಿಟ್ಟುಕೊಳ್ಳಿ. ಕ್ಲಿಪ್ಪಿನ ಮೇಲಲ್ಲ, ಸೀಸದ ಟರ್ಮಿನಲ್ಲಿನ ಮೇಲೆ. 14.4ರ ಹತ್ತಿರ ಹೋಗಿ ನಿಂತು, ಆಂಪಿಯರ್ ಇಳಿದು, ಕೊನೆಗೆ ವೋಲ್ಟೇಜೂ 13.6ಕ್ಕೆ ಬಂದರೆ ಚಾರ್ಜರಿಗೆ ಬುದ್ಧಿಯಿದೆ. 14.8 ದಾಟಿ 15, 15.5 ಎಂದು ಏರುತ್ತಲೇ ಹೋದರೆ, ಮಾರನೇ ಬೆಳಿಗ್ಗೆಯೂ ಮುಳ್ಳು 3 ಆಂಪಿಯರಿನಲ್ಲೇ ಇದ್ದರೆ, ಅಪರಾಧಿ ಸಿಕ್ಕಿತು. ನಡುರಾತ್ರಿ ಒಮ್ಮೆ ಎದ್ದು ನೋಡಿ. ಮೊದಲೇ ಹೇಳಿದ ಮೇನ್ಸಿನ ಕಾರಣಕ್ಕೆ ಆ ಒಂದು ಓದು ಹಗಲಿನ ಹತ್ತಕ್ಕಿಂತ ಮುಖ್ಯ. ಬ್ಯಾಟರಿಯ ಮೇಲೆ ಸಂಶಯವಿದ್ದರೆ ತುಂಬಿಸಿ, ಕ್ಲಿಪ್ಪು ತೆಗೆದು, ಒಂದು ರಾತ್ರಿ ಸುಮ್ಮನೆ ಬಿಟ್ಟು ಹೈಡ್ರೋಮೀಟರಿನಲ್ಲಿ ಆರೂ ಸೆಲ್ಲು ನೋಡಬೇಕು. ಐದರಲ್ಲಿ 1.250 ಇದ್ದು ಒಂದರಲ್ಲಿ 1.200 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೊಂದರೆ ಆ ಸೆಲ್ಲಿನದ್ದು. ಮನೆಯ ಇನ್ವರ್ಟರ್ ಬ್ಯಾಟರಿಗೆ ತಿಂಗಳಿಗೊಮ್ಮೆ ನೀರು ಹೊಯ್ಯಬೇಕಾಗಿ ಬರುವವರೂ ಇದೇ ಪರೀಕ್ಷೆ ಮಾಡಿ ನೋಡಬಹುದು.

ಹಳೆಯ ಚಾರ್ಜರನ್ನು ಏನು ಮಾಡಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕಾಯಲು ಮನುಷ್ಯ ಇದ್ದರೆ ಮಾತ್ರ ಬಳಸಿ, ಇಲ್ಲದಿದ್ದರೆ ಬಿಡಿ. ಟೈಮರ್ ಸಾಕೆಟ್ ಹಾಕುವುದು ಅರ್ಧ ಪರಿಹಾರ. 100 ಆಂಪಿಯರ್–ಗಂಟೆಯ ಬ್ಯಾಟರಿ ಅರ್ಧ ಖಾಲಿಯಾಗಿದ್ದರೆ ನಷ್ಟ ಸೇರಿಸಿ 60 ತುಂಬಬೇಕು. ಸರಾಸರಿ 8 ಆಂಪಿಯರಿನಂತೆ ಏಳೆಂಟು ಗಂಟೆಗೆ ಟೈಮರ್ ಇಡಬಹುದು. ಆದರೆ ಬ್ಯಾಟರಿ ಅರ್ಧ ಖಾಲಿಯೋ ಕಾಲು ಖಾಲಿಯೋ ಎಂದು ಟೈಮರಿಗೆ ತಿಳಿಯದು. ನಿಗದಿತ ವೋಲ್ಟೇಜಿಗೆ ಬಂದಾಗ ಕತ್ತರಿಸುವ ರಿಲೇ ಬೋರ್ಡು ಅದಕ್ಕಿಂತ ಮೇಲು, ಉಪ್ಪುಗಾಳಿಯಲ್ಲಿ ಅದರ ಆಯುಸ್ಸು ಮಾತ್ರ ಹೇಳಲಾಗದು. ರಿಪೇರಿ ಮಾಡಿಸಿದರೆ ಗುಂಯ್‌ಗುಡುವುದು ನಿಲ್ಲಬಹುದು. ಇಲ್ಲದ ಬುದ್ಧಿ ಬರುವುದಿಲ್ಲ. ಮೂರು ಹಂತದ ಸ್ವಯಂಚಾಲಿತ ಚಾರ್ಜರೊಂದನ್ನು, ಬ್ಯಾಟರಿಯ ಮೈಗೆ ಅಂಟಿಸುವ ಬಿಸಿ ಅಳೆಯುವ ವಯರು ಇರುವುದನ್ನೇ ಹುಡುಕಿ ಕೊಳ್ಳುವುದು ಲೇಸು. ಕೊಂಡ ಮೇಲೆ ಅದರ ಸ್ವಿಚ್ಚು ನಿಮ್ಮ ಬ್ಯಾಟರಿಯ ಜಾತಿಗೆ ಸರಿಯಾಗಿದೆಯೇ ನೋಡಿ. ಲಿಥಿಯಂ ಬ್ಯಾಟರಿ ಹಾಕಿಸಿದವರು ಲಿಥಿಯಮ್ಮಿಗೆಂದೇ ಮಾಡಿದ ಚಾರ್ಜರ್ ಬಿಟ್ಟು ಬೇರೆಯದನ್ನು ಮುಟ್ಟಿಸಬಾರದು. ಚಾರ್ಜರನ್ನು ಬೋಟಿನೊಳಕ್ಕೇ ಒಯ್ದು ದಕ್ಕೆಯ ಕರೆಂಟಿನಲ್ಲಿ ನಡೆಸುವುದಾದರೆ ಆ ಲೈನಿಗೆ, ಕರೆಂಟು ಸೋರಿದೊಡನೆ ಕತ್ತರಿಸುವ ಇಎಲ್‌ಸಿಬಿ ಇರಲೇಬೇಕು. ಒದ್ದೆ ಮೈ, ಒದ್ದೆ ಹಲಗೆ, ಹಳೆಯ ತಗಡಿನ ಡಬ್ಬಿ ಮೂರೂ ಸೇರಿದ ಜಾಗ ಅದು.

ಮಳೆಗಾಲದ 61 ದಿನಕ್ಕೆ ಇಷ್ಟೆಲ್ಲ ಸಲಕರಣೆಯೂ ಬೇಕಿಲ್ಲ. ಪೂರ್ತಿ ತುಂಬಿಸಿ, ಎರಡೂ ಟರ್ಮಿನಲ್ ಬಿಚ್ಚಿ, ಮೇಲ್ಭಾಗವನ್ನು ಸೋಡಾಪುಡಿಯ ನೀರಿನಿಂದ ಒರೆಸಿ ಒಣಗಿಸಿ, ಟರ್ಮಿನಲ್ಲಿಗೆ ವ್ಯಾಸಲೀನ್ ಸವರಿ, ತಂಪಾದ ಜಾಗದಲ್ಲಿ ಇಡಿ. ಒರೆಸುವಾಗ ಸೋಡಾನೀರು ಮುಚ್ಚಳದೊಳಗೆ ಹೋಗಬಾರದು. ಒಳ್ಳೆಯ ಬ್ಯಾಟರಿ ಒಂದು ತಿಂಗಳು ಹಾಗೆಯೇ ಇರುತ್ತದೆ. ಜುಲೈ ಮೊದಲ ವಾರದಲ್ಲಿ ಒಮ್ಮೆ ಚಾರ್ಜ್ ಮಾಡಿ ತೆಗೆಯಿರಿ, ಬೋಟಿಗೆ ಏರಿಸುವ ಮೊದಲು ಇನ್ನೊಮ್ಮೆ. ನೀರು ಹಾಕುವುದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಚಾರ್ಜ್ ಮುಗಿದ ಮೇಲೆ. ಪ್ಲೇಟು ಹೊರಗೆ ಕಾಣುತ್ತಿದ್ದರೆ ಅದು ಮುಳುಗುವಷ್ಟನ್ನು ಮೊದಲೇ ಹಾಕಿ. ನೀರು ಕಡಿಮೆಯಾದಲ್ಲಿಗೆ ಆಮ್ಲ ಸುರಿಯುವ ಅಭ್ಯಾಸ ಕೆಲವರಿಗಿದೆ. ಹೋದದ್ದು ನೀರು, ಆಮ್ಲ ಅಲ್ಲೇ ಇದೆ.

ಸತ್ತ ಬ್ಯಾಟರಿಯನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಾರೆ. ಸೀಸಕ್ಕೆ ಬೆಲೆಯಿದೆ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮರುಬಳಕೆಗೆ ತಲುಪಿಸುವ ಹೊಣೆ ತಯಾರಕರದ್ದೂ ಹೌದು. ಅದನ್ನು ಕೊಂದ ಚಾರ್ಜರನ್ನು ಕೇಳುವವರು ಯಾರೂ ಇಲ್ಲ. ಒಳಗಿನ ತಾಮ್ರದ ಆಸೆಗೆ ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ. ಕೊಡುವ ಮೊದಲು ಕ್ಲಿಪ್ಪಿನ ವಯರುಗಳನ್ನೂ ಪ್ಲಗ್ಗಿನ ವಯರನ್ನೂ ಬುಡದಲ್ಲಿ ಕತ್ತರಿಸಿ ಕೊಡಿ. ಸ್ವಿಚ್ ಹಾಕಿದರೆ ಗುಂಯ್‌ಗುಡುವ ಡಬ್ಬಿ ತಾಮ್ರದ ಬೆಲೆಗೆ ಒಡೆಯುವುದಿಲ್ಲ. ಮುಂದಿನ ಮಳೆಗಾಲಕ್ಕೆ ಅದು ಇನ್ನೊಬ್ಬರ ಶೆಡ್ಡಿನಲ್ಲಿರುತ್ತದೆ.